ಹಿಟ್ಟಿಲ್ಲದ ಗಿರಣಿ

ನಮ್ಮ ನಂಟರಲ್ಲಿ ಯಾರ ಮನೆಯಲ್ಲಿ ವಯರಿನ ತುದಿಗೆ ಏನು ಕೆಟ್ಟರೂ ಮೊದಲ ಫೋನು ನನಗೇ. ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ನೋಡಿಕೊಳ್ಳುವುದೆಂದರೆ ಬೆಳಿಗ್ಗೆ ಬೀಗ ತೆಗೆಯುವುದು, ಸಂಜೆ ಬೀಗ ಹಾಕುವುದು, ನಡುವೆ ಪ್ರಿಂಟರಿನ ಬಾಯಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯುವುದು. ನಂಟರಿಗೆ ಮಾತ್ರ ನಾನು ‘ಕಂಪ್ಯೂಟರ್ ಸರ್’. ಅತ್ತೆಯ ಮಿಕ್ಸರು, ಕಾಕಾನ ಟೀವಿ ರಿಮೋಟು, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತೆಗೆದುಕೊಳ್ಳದ ಯಂತ್ರ, ಎಲ್ಲದಕ್ಕೂ ನನ್ನ ತೀರ್ಪು ಬೇಕು. ಹಾಳೂರಿಗೆ ಉಳಿದವನೇ ಗೌಡ. ‘ನನಗೆ ಗೊತ್ತಿಲ್ಲ’ ಎಂದರೆ ಯಾರೂ ನಂಬುತ್ತಿರಲಿಲ್ಲ, ನೌಕರಿ ಸಿಕ್ಕ ಮೇಲೆ ಸೊಕ್ಕು ಬಂದಿದೆ ಎನ್ನುತ್ತಿದ್ದರು. ಹೀಗಾಗಿ ಆ ಮಾತನ್ನು ಆಡುವುದನ್ನೇ ನಾನು ಬಿಟ್ಟು ಬಹಳ ದಿನವಾಗಿತ್ತು.

ಅಕ್ಕನನ್ನು ಮುನವಳ್ಳಿಗೆ, ನಮ್ಮ ಸ್ವಂತ ಸೋದರಮಾವನಿಗೇ ಕೊಟ್ಟಿದ್ದು. ಆದ್ದರಿಂದ ‘ಮಾಮಾ’ ಎಂಬ ಒಂದೇ ಕರೆಯಲ್ಲಿ ನನಗೆ ಎರಡು ನಂಟು. ಅವರು ನನ್ನನ್ನು ಅಳಿಯಾ ಎನ್ನುತ್ತಾರೆ, ಕೆಲಸವಿದ್ದಾಗ ಅಳಿಯಪ್ಪಾ. ಅವರದೊಂದು ಗಿರಣಿ. ಬಾಗಿಲ ಮೇಲಿನ ಬೋರ್ಡಿನಲ್ಲಿ ನನ್ನ ಅಜ್ಜನ ಹೆಸರಿದೆ. ಒಳಗೆ ಎಡಕ್ಕೆ ಜೋಳ, ಗೋಧಿ ಬೀಸುವ ಕಲ್ಲು. ಅದು ಮಾಮಾನ ರಾಜ್ಯ. ಬಲಕ್ಕೆ ಖಾರ ಕುಟ್ಟುವ ಮಷೀನು, ಅದು ಅಕ್ಕನದು. ಬೇಸಿಗೆ ಹತ್ತಿರ ಬಂತೆಂದರೆ ಸುತ್ತಲಿನ ಹೆಂಗಸರು ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಬೆಳ್ಳುಳ್ಳಿ ಕಟ್ಟಿಕೊಂಡು ವರ್ಷದ ಖಾರಕ್ಕೆ ಪಾಳಿ ಹಚ್ಚುತ್ತಾರೆ. ಅಕ್ಕ ಒಂದು ಕಾಯಿ ಮುರಿದು ಮೂಸಿ, “ಇದನ್ನ ಇನ್ನೊಂದ ಬಿಸಲ ಕಾಯಿಸ್ಕೊಂಡ ಬರ್ರಿ, ಇಲ್ಲಾಂದ್ರ ದೀಪಾವಳಿಗೆ ಬೂಸ್ಟ ಹಿಡಿತೈತಿ” ಎಂದು ವಾಪಸು ಕಳಿಸಿದರೆ ಯಾರೂ ಎದುರಾಡುವುದಿಲ್ಲ. ಬೋರ್ಡಿನಲ್ಲಿ ಅಜ್ಜನ ಹೆಸರು ಎಷ್ಟು ದೊಡ್ಡದಾಗಿದ್ದರೂ ಊರಿನ ಬಾಯಲ್ಲಿ ಅದು ‘ಅಕ್ಕನ ಗಿರಣಿ’.

ಅಕ್ಕ ನಗುವುದೂ ಹಾಗೆಯೇ ಊರಿಗೆಲ್ಲ ಗೊತ್ತು. ಜೋರಾಗಿ ಶುರುವಾಗಿ ಕೆಮ್ಮಿನಲ್ಲಿ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಅವಳ ನಗುವನ್ನು ಅಣಕಿಸುವಾಗ ಕೊನೆಗೆ ಕೆಮ್ಮುವುದನ್ನು ಯಾರೂ ಮರೆಯುತ್ತಿರಲಿಲ್ಲ. ನಾನೇ ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದೆ.

ಎರಡು ಮೂರು ವರ್ಷದ ಹಿಂದೆ, ಮೆಣಸಿನಕಾಯಿಯ ದಿನಗಳಲ್ಲೇ, ಮಾಮಾನ ಫೋನು ಬಂತು.

“ಅಳಿಯಪ್ಪಾ, ಗ್ರಾಫಿಕ್ಸ್ ಕಾರ್ಡ್ ಅಂದ್ರ ಏನಂತ ಗೊತ್ತೈತಲ್ಲ ನಿನಗ?”

“ಗೊತ್ತಿರೂದಿಲ್ಲೇನ್ರಿ ಮಾಮಾ,” ಎಂದೆ.

ಗೊತ್ತಿದ್ದದ್ದು ಇಷ್ಟೇ: ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಚೆನ್ನಾಗಿ ಮೂಡಲಿ ಎಂದು ಆಟ ಆಡುವವರು, ವಿಡಿಯೋ ಮಾಡುವವರು ಹಾಕಿಸಿಕೊಳ್ಳುವ ಸಾಮಾನು ಅದು. ನಮ್ಮ ಲ್ಯಾಬಿನ ಯಾವ ಕಂಪ್ಯೂಟರಿಗೂ ಆ ಭಾಗ್ಯವಿರಲಿಲ್ಲ. ಮಾಮಾ ಮಾತ್ರ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತರಾಗಿದ್ದರು. ಈ ಕಾರ್ಡಿನಿಂದ ಕ್ರಿಪ್ಟೊ ನಾಣ್ಯ ಅಗೆಯಬಹುದಂತೆ. ಒಂದು ಒಗಟಿರುತ್ತದೆ, ಜಗತ್ತಿನ ಎಲ್ಲ ಕಾರ್ಡುಗಳೂ ಬಿಡುವಿಲ್ಲದೆ ಉತ್ತರ ಊಹಿಸುತ್ತಿರುತ್ತವೆ, ಯಾರ ಊಹೆ ಸರಿಹೋಯಿತೋ ಅವರಿಗೆ ನಾಣ್ಯ. ಇದಕ್ಕೆ ಮೈನಿಂಗ್ ಎನ್ನುತ್ತಾರೆಂದು ಮಾಮಾ ನನಗೇ ಪಾಠ ಮಾಡಿದರು.

“ಅದೂ ಗಿರಣಿನ ಅಳಿಯಾ. ನಾವು ಜ್ವಾಳ ಹಾಕತೀವಿ, ಅದರಾಗ ಲೆಕ್ಕ ಹಾಕತಾರ. ಹಿಟ್ಟಿನ ಬದಲಿ ನಾಣ್ಯ ಬೀಳತೈತಿ. ಗಿರಾಕಿ ಇಲ್ಲ, ತಕರಾರ ಇಲ್ಲ.”

ಹಿಂದಿನಿಂದ ಅಕ್ಕನ ದನಿ ಕೇಳಿಸಿತು. “ಅದೇನೋ ಮೈ ನುಂಗೂದಂತ ತಮ್ಮಾ. ಎಂಟ ದಿನದಿಂದ ಇವರ ಮೈಯೆಲ್ಲಾ ಅದ ನುಂಗೈತಿ!” ನಗು, ಆಮೇಲೆ ಕೆಮ್ಮು.

ಮಾಮಾ ಮೊದಲು ಒಂದು ಕಾರ್ಡು ತರುವವರು, ಆಮೇಲೆ ಆರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿ ಆಗಿತ್ತು. ಆರು ಕಾರ್ಡಿಗೆ ಜಾಗ ಬೇಕಲ್ಲ? ಅದಕ್ಕೆ ಖಾರದ ಮಷೀನು ತೆಗೆಯುವುದೆಂದು ನಿಶ್ಚಯ ಮಾಡಿ, ರಾಮದುರ್ಗದ ಕಡೆಯವರೊಬ್ಬರಿಗೆ ಮಾತು ಕೊಟ್ಟಿದ್ದರು. ಅವರು ನಾಡಿದ್ದಿನ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಟೆಂಪೊ ತಂದು ಮಷೀನು ಒಯ್ಯುವವರು.

“ಅಕ್ಕ ಏನಂತಾಳ್ರಿ?”

“ನಮ್ಮ ತಮ್ಮ ಕಾರ್ಡ್ ನೋಡಿ ಚಲೋ ಐತಿ ಅಂದ್ರ ಆತು, ಒಯ್ಲಿ ಅಂತಾಳ. ನೀ ಬಾ.”

ಅಕ್ಕನ ಮಷೀನು ಉಳಿಯುವುದೂ ಹೋಗುವುದೂ ಪ್ರಿಂಟರಿನಿಂದ ಹಾಳೆ ಎಳೆಯುವವನ ನಾಲಿಗೆಯ ಮೇಲೆ ಬಂದು ಕೂತಿತ್ತು.

ಮರುದಿನ ಭಾನುವಾರ. ಬಸ್ಸಿನಲ್ಲಿ ಮುನವಳ್ಳಿಗೆ ಹೋಗಿ, ಅಲ್ಲಿಂದ ಮಾಮಾನ ಬೈಕಿನಲ್ಲಿ ಸವದತ್ತಿ ದಾಟಿ ಉಗರಗೋಳಕ್ಕೆ ಹೋದೆವು. ಅಲ್ಲೊಬ್ಬ ಫೋಟೊ ಸ್ಟುಡಿಯೊದವ ಕಾರ್ಡು ಮಾರುವವನಿದ್ದ. ದೇವಿಯ ಗುಡ್ಡಕ್ಕೆ ಬಂದ ಭಕ್ತರ ಫೋಟೊ ತೆಗೆಯುವುದು, ಮದುವೆಯ ಆಲ್ಬಮ್ ಮಾಡುವುದು ಅವನ ಕಸುಬು. ನಮ್ಮನ್ನು ಕೂಡ್ರಿಸಿ ಚಹಾ ತರಿಸಿ, ಒಳಗಿನಿಂದ ಕುಪ್ಪಸದ ಹಸಿರು ಖಣದಲ್ಲಿ ಸುತ್ತಿದ ಗಂಟೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಕನ್ಯಾ ತೋರಿಸುವವರಂತೆ ಮೆಲ್ಲಗೆ ಖಣ ಸರಿಸಿದ.

ಇಟ್ಟಂಗಿಯಷ್ಟು ದೊಡ್ಡ ಕರಿ ಕಾರ್ಡು, ಮೈಮೇಲೆ ಎರಡು ಫ್ಯಾನು. ನಾನು ಕೈಗೆ ತೆಗೆದುಕೊಂಡು ಗಂಭೀರನಾದೆ. ತೂಕ ನೋಡಿದೆ. ತಿರುಗಿಸಿದೆ. ಬೆರಳಿನಿಂದ ಫ್ಯಾನು ತಿರುವಿದೆ. ಏನು ನೋಡಬೇಕೆಂದು ಗೊತ್ತಿಲ್ಲದವನು ಬಹಳ ಹೊತ್ತು ನೋಡಬೇಕಾಗುತ್ತದೆ. ಮಾಮಾ ಮಾತ್ರ ತಮ್ಮ ವಿದ್ಯೆ ಬಿಡಲಿಲ್ಲ. ಮೋಟರ್ ಕೊಳ್ಳುವಾಗ ಸುಟ್ಟ ವಾಸನೆ ಇದೆಯೇ ಎಂದು ಮೂಸುವಂತೆ ಕಾರ್ಡನ್ನೂ ಮೂಸಿದರು. ಮೂಸಿದವರ ಮೂಗಿನ ತುದಿ ಹಳದಿಯಾಯಿತು.

ಕಾರ್ಡಿನ ಒಳಗೆ, ಬಿಸಿ ಹೊರಹಾಕುವ ತಗಡಿನ ಎಸಳುಗಳ ನಡುವೆ, ಅರಿಷಿಣದ ಪುಡಿ ಗಟ್ಟಿಯಾಗಿ ಕೂತಿತ್ತು. ಗುಡ್ಡದ ಮೇಲೆ ಭಕ್ತರು ಹಾರಿಸುವ ಭಂಡಾರ ಉಗರಗೋಳದ ಗಾಳಿಯಲ್ಲೇ ಇರುತ್ತದೆ, ಅಂಗಡಿಯೊಳಗೂ ಬರುತ್ತದೆ. ನಾನು ಊದಲು ಬಾಯಿ ತೆರೆದೆ. ಮಾಮಾ ನನ್ನ ಬಾಯಿ ಮುಚ್ಚಿದರು.

“ಏ ಹುಚ್ಚಾ, ಎಂಜಲ ಮಾಡತಿಯೇನ? ಅಮ್ಮನ ಭಂಡಾರ ತಾನಾಗಿ ಬಂದ ಕುಂತೈತಿ!”

ಬೆರಳಿನಿಂದ ಒಂದು ಚಿಟಿಕೆ ತೆಗೆದು ತಮ್ಮ ಹಣೆಗೆ ಹಚ್ಚಿಕೊಂಡರು, ನನ್ನ ಹಣೆಗೂ ಹಚ್ಚಿದರು. ಸ್ಟುಡಿಯೊದವನೂ ಕೈ ಮುಗಿದ. ಅವನ ಮುಖದ ಮೇಲೆ ದೊಡ್ಡದೊಂದು ಸಮಾಧಾನ ಹಾದುಹೋಯಿತು. ಅದು ಭಕ್ತಿಯೆಂದೇ ನಾನು ತಿಳಿದೆ.

“ಭಾಳ ಓಡಿಲ್ರಿ ಇದು,” ಎಂದ ಅವನು. “ಲಗ್ನದ ಆಲ್ಬಮ್ ಇದ್ರ ವಾರಕ್ಕೊಮ್ಮೆ ಚಾಲೂ ಮಾಡತಿದ್ದೆ ಅಷ್ಟ. ಮೈನಿಂಗಿಗೆ ಹ್ಯಾಶ್‌ರೇಟ್ ಎಷ್ಟ ಬರತೈತಿ ಅಂತ ನಿಮಗ ಗೊತ್ತಿರತೈತಲ್ರಿ ಸರ, ನಿಮಗ ನಾ ಏನ ಹೇಳೂದು.”

ಕಾರ್ಡು ಒಂದು ಸೆಕೆಂಡಿಗೆ ಎಷ್ಟು ಊಹೆ ಮಾಡುತ್ತದೆ ಎಂಬ ಲೆಕ್ಕಕ್ಕೆ ಹ್ಯಾಶ್‌ರೇಟ್ ಎನ್ನುತ್ತಾರೆಂದು ನಾನು ಆಮೇಲೆ ಓದಿ ತಿಳಿದದ್ದು. ಆಗ ಗೊತ್ತಿದ್ದವನಂತೆ ತಲೆ ಅಲ್ಲಾಡಿಸಿದೆ. ಮಾಮಾ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಹಣೆಯ ಮೇಲೆ ಭಂಡಾರ, ಕಣ್ಣಿನಲ್ಲಿ ಹಬ್ಬ. ನನ್ನ ಬಾಯಿಂದ ಮೂರು ಶಬ್ದ ಹೊರಬಿತ್ತು.

“ಕಾರ್ಡ್ ಚಲೋ ಐತಿ.”

ದನ ಕೊಳ್ಳುವವರು ಕಟ್ಟಿ ನೋಡುವ ಹಾಗೆ ಎಂಟು ದಿನ ಇಟ್ಟುಕೊಂಡು ನೋಡುವುದು, ಸರಿಬಾರದಿದ್ದರೆ ವಾಪಸು ಕೊಡುವುದು ಎಂದು ಮಾತಾಯಿತು. ಕಾರ್ಡು ಖಣದ ಸಮೇತ ಮುನವಳ್ಳಿಗೆ ನಡೆಯಿತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಮ್ಮಿಬ್ಬರ ಹಣೆ ನೋಡಿ, “ಆತಲ್ಲ ಹಂಗಾರ,” ಎಂದಷ್ಟೇ ಹೇಳಿ, ಕೈಯಲ್ಲಿದ್ದ ಅರಿವೆಯಿಂದ ಮಷೀನನ್ನು ಒರೆಸತೊಡಗಿದಳು. ಅದಾಗಲೇ ಒರೆಸಿ ಸ್ವಚ್ಛವಾಗಿತ್ತು.

ಬೈಲಹೊಂಗಲಕ್ಕೆ ಬಂದವನು ಸೋಮವಾರ ಲ್ಯಾಬಿನಲ್ಲಿ ಕೂತು, ನೋಡುವ ಮೊದಲು ಓದಬೇಕಾದ್ದನ್ನು ನೋಡಿಬಂದ ಮೇಲೆ ಓದಿದೆ. ಈ ಕಾರ್ಡುಗಳಿಂದ ಎಲ್ಲರೂ ಅಗೆಯುತ್ತಿದ್ದ ದೊಡ್ಡ ನಾಣ್ಯವೊಂದು ತನ್ನ ಕಟ್ಟಳೆಯನ್ನೇ ಬದಲಿಸಿ, ನಿಮ್ಮ ಕಾರ್ಡುಗಳ ಕೆಲಸವೇ ಬೇಡ ಎಂದುಬಿಟ್ಟಿತ್ತು. ಉಳಿದ ಸಣ್ಣಪುಟ್ಟ ನಾಣ್ಯ ಅಗೆದರೆ ಕರೆಂಟಿನ ಬಿಲ್ಲಿಗೂ ಸಾಲದು. ಹಾಗಾಗಿಯೇ ಊರೂರಿನಲ್ಲಿ ಜನ ಕಾರ್ಡು ಮಾರುತ್ತಿದ್ದರು. ಇನ್ನೊಂದು ಕಡೆ ಬರೆದಿತ್ತು: ಹಳೆ ಕಾರ್ಡು ಕೊಳ್ಳುವಾಗ ಒಳಗಿನ ಧೂಳು ನೋಡಿ, ಬಹಳ ಓಡಿದ ಕಾರ್ಡಿನಲ್ಲಿ ಅದು ಗಟ್ಟಿಯಾಗಿ ಕೂತಿರುತ್ತದೆ. ನಾನು ಹಣೆ ಮುಟ್ಟಿ ನೋಡಿಕೊಂಡೆ.

ಆಗಲೇ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಮಂಗಳವಾರ ಮಾಡೋಣವೆಂದುಕೊಂಡೆ, ಮಂಗಳವಾರ ಬುಧವಾರವಾಯಿತು. ‘ಅಂದು ನನಗೆ ಗೊತ್ತಿರಲಿಲ್ಲ’ ಎಂಬ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅದನ್ನು ಎಳೆಯುವುದು ಪ್ರಿಂಟರಿನ ಹಾಳೆ ಎಳೆದಷ್ಟು ಸುಲಭವಾಗಲಿಲ್ಲ. ನಾಚಿಕೆ, ಮತ್ತೇನಲ್ಲ. ಗುರುವಾರ ಅಕ್ಕನೇ ಮಾಡಿದಳು.

“ತಮ್ಮಾ, ಈ ಸಲ ನಿನ್ನ ಮನೀ ಖಾರ ಭಾನುವಾರನ ಕುಟ್ಟಿ ಇಡತೇನಿ. ಸೋಮವಾರ ಮಷೀನ್ ಹೋಗತೈತಲ್ಲ. ಬಂದ ಒಯ್ಯಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಆ ರಾತ್ರಿ ಎರಡು ರೊಟ್ಟಿಯಾದರೂ ತಿನ್ನುತ್ತಿದ್ದೆ.

ಭಾನುವಾರ ನನ್ನ ಮನೆಯ ಹಳೆ ಕಂಪ್ಯೂಟರನ್ನು ಚೀಲದಲ್ಲಿ ಹಾಕಿಕೊಂಡು, ಕರೆಂಟು ಎಷ್ಟು ಎಳೆಯುತ್ತದೆಂದು ತೋರಿಸುವ ಪುಟ್ಟದೊಂದು ಮೀಟರನ್ನೂ ಹಿಡಿದುಕೊಂಡು ಹೋದೆ. ನಾನು ಹೇಳಲಾರದ್ದನ್ನು ಮೀಟರೇ ಹೇಳಲಿ ಎಂಬ ಹುನ್ನಾರ. ಗಿರಣಿಯಲ್ಲಿ ಮಾಮಾ ಗೋಧಿ ಚೀಲದ ಮೇಲೆ ಹಲಗೆ ಹಾಕಿ, ರಂಗೋಲಿ ಬಿಟ್ಟು, ನಿಂಬೆಹಣ್ಣು ಇಟ್ಟು ಕಾಯುತ್ತಿದ್ದರು. ಕಾರ್ಡನ್ನು ಮನೆಯಲ್ಲಿ ಓಡಿಸಿ ನೋಡಬಹುದಿತ್ತು. ಆದರೆ ಮಾಮಾನ ಪ್ರಕಾರ ಗಿರಣಿ ಎಂದಮೇಲೆ ಅದು ಗಿರಣಿಯಲ್ಲೇ ಚಾಲೂ ಆಗಬೇಕು. ಆಚೆ ಬದಿಗೆ ಅಕ್ಕ ಸೆರಗು ಮೂಗಿಗೆ ಕಟ್ಟಿಕೊಂಡು ನನ್ನ ಖಾರ ಕುಟ್ಟುತ್ತಿದ್ದಳು. ಗಾಳಿಯೇ ಕೆಂಪಾಗಿತ್ತು.

ಜೋಡಿಸುವಾಗ ಕಾರ್ಡನ್ನು ಒರೆಸಲು ಹೋದರೆ ಮಾಮಾ ಬಿಡಲಿಲ್ಲ, ಭಂಡಾರ ಇರಲಿ ಎಂದರು. ಕಾಯಿ ಒಡೆದು, ನನ್ನ ಕಡೆ ನೋಡಿ, “ಹೂಂ, ಹಾಕ,” ಎಂದರು. ನಾನು ಸ್ವಿಚ್ ಹಾಕಿದೆ. ತಂತ್ರಾಂಶ ಚಾಲೂ ಮಾಡಿದೆ. ಫ್ಯಾನುಗಳು ಮೊದಲು ಗುನುಗಿ, ಆಮೇಲೆ ಭರ್ರೆಂದು ತಿರುಗಿದವು.

ಫ್ಯಾನಿಗೆ ಯಾವ ಗಾಳಿ ಎಂಬ ಭೇದವಿಲ್ಲ. ಎದುರಿಗಿದ್ದ ಖಾರದ ಗಾಳಿಯನ್ನೇ ಎಳೆದುಕೊಂಡು, ಒಳಗೆ ಕಾಯಿಸಿ, ಅದಕ್ಕೆ ವರ್ಷದ ಭಂಡಾರ ಬೆರೆಸಿ ನಮ್ಮ ಮುಖಕ್ಕೆ ಬಿಟ್ಟಿತು. ಬಾಣಲೆಯಲ್ಲಿ ಮೆಣಸಿನಕಾಯಿ ಹೊತ್ತಿದಂಥ ಘಾಟು. ಮಾಮಾ ಸೀನಿದರು. ಹೊಸ ಕೆಲಸಕ್ಕೆ ಒಂಟಿ ಸೀನು ಅಪಶಕುನ ಎಂದು ಗಾಬರಿಯಾಗಿ, “ಅಳಿಯಾ, ನೀನೂ ಒಂದ ಸೀನ, ಜೋಡಿ ಆಗಲಿ!” ಎಂದು ಕೂಗಿದರು. ಹೇಳುವುದೇ ಬೇಡವಾಗಿತ್ತು. ನಾನು ಏಳು ಸೀನಿದೆ. ಅವರು ಲೆಕ್ಕ ಹಿಡಿದು, ಎಂಟು ಆಯಿತು ಜೋಡಿಯಾಯಿತು ಎನ್ನುವಷ್ಟರಲ್ಲಿ ತಾವೇ ಒಂಬತ್ತನೆಯದನ್ನು ಸೀನಿ ಕೆಡಿಸಿಕೊಂಡರು.

ಅಕ್ಕ ಮಷೀನು ನಿಲ್ಲಿಸಿ ಬಂದಳು. ಬೀಸಿದ ಹಿಟ್ಟು ಬಿಸಿಯೋ ತಣ್ಣಗಿದೆಯೋ ಎಂದು ನೋಡಲು ಕಲ್ಲಿನ ಕೆಳಗೆ ಕೈ ಹಿಡಿಯುವಂತೆ, ಕಾರ್ಡಿನ ಹಿಂದೆ ಅಂಗೈ ಹಿಡಿದಳು. ಗಿರಣಿಯವರ ಪರೀಕ್ಷೆ ಅದು. ಹಿಟ್ಟು ಬಹಳ ಬಿಸಿ ಬಂದರೆ ಕಲ್ಲು ಸವೆದಿದೆ ಎಂದರ್ಥ.

“ಏನ್ರಿ ಇದು, ಇಷ್ಟ ಬಿಸಿ ಐತಿ. ಏನ ಬೀಸಾಕ ಹತ್ತೈತಿ?”

“ಗಾಳಿ ಬೀಸಾಕ ಹತ್ತೈತಿ,” ಎಂದೆ ನಾನು, ಕಣ್ಣೊರೆಸಿಕೊಳ್ಳುತ್ತ.

“ಗಾಳಿ ಬೀಸೂದ ನನಗೂ ಕಾಣತೈತಿ. ಒಳಗ ಏನ ಬೀಸತೈತಿ?”

“ಲೆಕ್ಕ,” ಎಂದರು ಮಾಮಾ.

“ಹಿಟ್ಟ ಎಲ್ಲಿ ಬೀಳತೈತಿ ಮತ್ತ?”

ಮಾಮಾ ನನ್ನ ಕಡೆ ನೋಡಿದರು. ನಾನು ಪರದೆಯ ಕಡೆ ಬೆರಳು ತೋರಿಸಿದೆ. ಅಲ್ಲಿ ಒಂದು ಸೊನ್ನೆ, ಒಂದು ಚುಕ್ಕೆ, ಚುಕ್ಕೆಯ ಹಿಂದೆ ಸೊನ್ನೆಗಳ ದೊಡ್ಡ ಪಾಳಿ. ಅಕ್ಕ ಸಾಲಿ ಕಲಿತದ್ದು ಏಳನೆಯ ತನಕ, ಆದರೆ ಚುಕ್ಕೆಯ ಯಾವ ಬದಿಯ ಸೊನ್ನೆಗೆ ಬೆಲೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಗಿ ಕಾರ್ಡಿನ ಎಸಳುಗಳ ನಡುವೆ ಉಳಿದ ಹಳದಿಯನ್ನು ನೋಡಿದಳು.

“ವಾರಕ್ಕೊಮ್ಮೆ ಓಡಿದ್ದು ಅಂತ ಹೇಳಿದ್ರಲ್ಲ, ಅಂಥಾ ಫ್ಯಾನಿಗೆ ಇಷ್ಟ ಭಂಡಾರ ಕುಂದ್ರತೈತೇನ್ರಿ? ಎಷ್ಟ ಓಡಿದ್ರ ಎಷ್ಟ ಧೂಳ ಹಿಡಿತೈತಿ ಅಂತ ಗಿರಣ್ಯಾಗ ಇದ್ದಾಕಿಗೆ ಗೊತ್ತಿಲ್ಲೇನ? ಇದು ಹಗಲೂ ರಾತ್ರಿ ದುಡದದ್ದೈತಿ.” ಆಮೇಲೆ ನನ್ನ ಕಡೆ ತಿರುಗಿದಳು. “ತಮ್ಮಾ, ನೀ ಹೇಳ. ಇದು ಚಲೋ ಐತೇನ?”

ಪ್ಲಗ್ಗಿಗೆ ಸಿಕ್ಕಿಸಿದ ಮೀಟರು ಪಕ್ಕದಲ್ಲೇ ಓಡುತ್ತಿತ್ತು. ಅದನ್ನು ತೋರಿಸಿ ಪಾರಾಗಬಹುದಿತ್ತು.

“ಇಲ್ಲಕ್ಕಾ,” ಎಂದೆ. “ಅವತ್ತ ನನಗ ಏನೂ ಗೊತ್ತಿರಲಿಲ್ಲ. ಸುಮ್ಮನ ಅಂದೆ. ಸೋಮವಾರದಿಂದ ಗೊತ್ತೈತಿ. ಹೇಳಾಕ ನಾಚಿಕಿ ಬಂತು.”

ಮಾಮಾ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಲು ಬರುತ್ತಿತ್ತು. ಅಷ್ಟರಲ್ಲಿ ಬಿಸಿ ಘಾಟು ಅಕ್ಕನ ಎದೆಗೆ ಇಳಿದು, ಅವಳಿಗೆ ಕೆಮ್ಮು ಹತ್ತಿತು. ಈ ಸಲ ಮುಂದೆ ನಗು ಇರಲಿಲ್ಲ, ಬರೀ ಕೆಮ್ಮು. ಗೋಡೆ ಹಿಡಿದು ಕೆಮ್ಮಿದಳು, ಕೂತು ಕೆಮ್ಮಿದಳು. ಮಾಮಾ ರಂಗೋಲಿ ತುಳಿದು ಓಡಿ ಪ್ಲಗ್ ಕಿತ್ತರು, ಕೊಡದ ನೀರು ತಂದು ಕುಡಿಸಿದರು, ಬೆನ್ನು ಸವರಿದರು. ಅವರ ಕೈ ಎಷ್ಟು ಅಭ್ಯಾಸದಿಂದ ಅವಳ ಬೆನ್ನಿನ ಮೇಲೆ ಓಡಾಡಿತೆಂದರೆ, ಇದು ದಿನವೂ ನಡೆಯುವ ಕೆಲಸ ಎಂದು ನನಗೆ ಹೊಳೆಯಿತು. ನಾನು ಇಷ್ಟು ವರ್ಷ ಅಣಕಿಸಿ ನಗಿಸುತ್ತಿದ್ದದ್ದು ಇದನ್ನು.

ಕೆಮ್ಮು ಇಳಿದ ಮೇಲೆ ಮಾಮಾ ಕಾರ್ಡಿನ ಕಡೆ ನೋಡುತ್ತ ಹೇಳಿದರು.

“ಹಿಟ್ಟ ಎಲ್ಲಿ ಅಂತ ಕೇಳಿದೆಲ್ಲ? ಹಿಟ್ಟ ಇಲ್ಲದ ಗಿರಣಿನ ಬೇಕಾಗಿತ್ತ ನನಗ. ಹಿಟ್ಟ ಇಲ್ಲ, ಖಾರ ಇಲ್ಲ, ಧೂಳ ಇಲ್ಲ. ನಿನ್ನ ಕೆಮ್ಮ ಕೇಳಿ ಕೇಳಿ ಸಾಕಾಗೈತಿ. ಮಷೀನ್ ಬಿಡು ಅಂದ್ರ ನೀ ಬಿಡಾಕಿ ಅಲ್ಲ. ಅದಕ್ಕ ಇದು ಸಿಕ್ತಲ್ಲ ಅಂತ…”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಕೆಮ್ಮಿನ ನೀರೋ ಬೇರೆಯದೋ ನಾನು ವಿಚಾರಿಸಲಿಲ್ಲ.

“ಕೆಮ್ಮ ನಂದು, ಮಷೀನ್ ನಂದು,” ಎಂದಳು. “ನೀವು ನನ್ನ ಮುಂದ ಹೇಳಲಿಲ್ಲ, ಇವ ನಿಮ್ಮ ಮುಂದ ಹೇಳಲಿಲ್ಲ. ಮಾವ ಅಳಿಯ ಇಬ್ಬರೂ ಕೂಡಿ ಭಂಡಾರ ಹಚ್ಕೊಂಡ ಬಂದ್ರಿ. ಒಂದ ಮಾತ ನನ್ನ ಕೇಳಿದ್ರ ಏನ ಸವದ ಹೋಗತಿದ್ರಿ?”

ರಂಗೋಲಿ ಅಳಿಸಿತ್ತು, ನಿಂಬೆಹಣ್ಣು ಉರುಳಿ ಕಲ್ಲಿನ ಬುಡಕ್ಕೆ ಹೋಗಿತ್ತು. ಸಂಜೆ ಅದನ್ನೇ ಹಿಂಡಿ ಅಕ್ಕ ನಮಗೆ ಶರಬತ್ತು ಮಾಡಿಕೊಟ್ಟಳು.

ಅವತ್ತೇ ಕಾರ್ಡು ಖಣದಲ್ಲಿ ಸುತ್ತಿಸಿಕೊಂಡು ತವರಿಗೆ ಹೋಯಿತು. ಸ್ಟುಡಿಯೊದವನು ವಾದ ಮಾಡಲಿಲ್ಲ. ಬಿಚ್ಚಿ ಮೂಸಿ, ಜೋರಾಗಿ ಸೀನಿ, ಸುಮ್ಮನೆ ಒಳಗಿಟ್ಟ. ಮರುದಿನ ರಾಮದುರ್ಗದವರು ಟೆಂಪೊ ತಂದರಂತೆ. ಅಕ್ಕ ಅವರಿಗೆ ಊಟಕ್ಕೆ ಹಾಕಿ, ಒಂದು ಡಬ್ಬಿ ಮಸಾಲೆ ಖಾರ ಕೊಟ್ಟು, ಮಷೀನು ಯಾಕೆ ಕೊಡುವುದಿಲ್ಲವೆಂದು ಆ ಖಾರದಿಂದಲೇ ತಿಳಿಸಿ ಕಳಿಸಿದಳು. ಈಗ ಅವರು ಪ್ರತಿ ವರ್ಷ ಅಷ್ಟು ದೂರದಿಂದ ಮೆಣಸಿನಕಾಯಿ ತರುತ್ತಾರೆ.

ಒಂದು ತಿಂಗಳಾದ ಮೇಲೆ ಮತ್ತೆ ಅಳಿಯಪ್ಪಾ ಎಂಬ ಫೋನು. ಗಿರಣಿಗೆ ಹೋಗಿ ನೋಡಿದರೆ, ಖಾರದ ಮಷೀನಿನ ಮೇಲೆ ಗೋಡೆ ಒಡೆದು, ಒಳಗಿನ ಗಾಳಿ ಹೊರಗೆ ಹಾಕುವ ದೊಡ್ಡ ಫ್ಯಾನು ಕೂಡ್ರಿಸಿದ್ದರು. ಅಕ್ಕನೇ ಸವದತ್ತಿಗೆ ಹೋಗಿ, ಅಂಗಡಿಯವನ ಮುಂದೆ ನಾಲ್ಕು ಫ್ಯಾನು ಓಡಿಸಿ, ಪ್ರತಿಯೊಂದರ ಹಿಂದೆಯೂ ಅಂಗೈ ಹಿಡಿದು ಆರಿಸಿ ತಂದದ್ದು. ಫ್ಯಾನು ತಿರುಗುತ್ತಿತ್ತು, ಕೆಂಪು ಗಾಳಿ ಹೊರಗೆ ಓಣಿಗೆ ಹೋಗುತ್ತಿತ್ತು, ಓಣಿಯಲ್ಲಿ ಹೋಗುವವರು ಸೀನುತ್ತಿದ್ದರು.

“ನೋಡಿ ಹೇಳ ಅಳಿಯಾ,” ಎಂದರು ಮಾಮಾ, “ಚಲೋ ಐತೇನ?”

ನಾನು ಫ್ಯಾನು ನೋಡಿದೆ. ಅಕ್ಕನ ಮುಖ ನೋಡಿದೆ.

“ನನಗ ಗೊತ್ತಿಲ್ರಿ ಮಾಮಾ,” ಎಂದೆ. “ಅಕ್ಕನ್ನ ಕೇಳ್ರಿ.”

ಅಕ್ಕ ನಕ್ಕಳು. ಕೆಮ್ಮೂ ಬಂತು. ಆದರೆ ಅವತ್ತು ಅದು ನಗು ಪೂರ್ತಿ ಮುಗಿಯುವ ತನಕ ಕಾಯ್ದು ಬಂತು.